ಪಾಮ್ ಬೆಳೆಸುವ ಹವ್ಯಾಸ ಮತ್ತು ಪಾಮ್ ಸಂಗ್ರಹ

ತೆಂಗು, ಅಡಿಕೆ, ತಾಳೆ, ಈಚಲು, ಬಗನಿ, ಬೆತ್ತ ಮೊದಲಾದವು ಸೇರಿರುವ ಅರೆಕೇಸೀ ಕುಟುಂಬದ ಸಸ್ಯಗಳನ್ನು ಫಸಲಿನ ಆಸೆಯಿಲ್ಲದೆ, ಅವುಗಳ ರೂಪ, ವೈವಿಧ್ಯ ಮತ್ತು ಅಪರೂಪಕ್ಕೆ ಮನಸೋತು ಬೆಳೆಸಿ ಸಂಗ್ರಹಿಸುವ ಹವ್ಯಾಸ ಇಂದು ಉಷ್ಣವಲಯವನ್ನು ದಾಟಿ ಹಿಮ ಬೀಳುವ ನಾಡುಗಳವರೆಗೂ ಹರಡಿದೆ. ಪಾಮ್ ಎಂಬ ಒಂದೇ ಹೆಸರಿನಲ್ಲಿ ಗುರುತಿಸಲಾಗುವ ಈ ಕುಟುಂಬದಲ್ಲಿ ಸುಮಾರು 180 ಕುಲಗಳೂ 2,500ಕ್ಕಿಂತ ಹೆಚ್ಚು ಪ್ರಭೇದಗಳೂ ಇದ್ದು, ಬಹುಪಾಲು ಪ್ರಭೇದಗಳು ಮಳೆಕಾಡಿನ ಬೆಚ್ಚಗಿನ ತೇವದಲ್ಲಿ ನೆಲೆಸಿದಂಥವು. ಆದರೆ ಕುಟುಂಬದ ಅಂಚಿನ ಕೆಲವು ಪ್ರಭೇದಗಳು ಈ ವಲಯವನ್ನು ಬಿಟ್ಟು ಬಹುದೂರ ಸಾಗಿವೆ. ಪಶ್ಚಿಮ ಮೆಡಿಟರೇನಿಯನ್ ತೀರದ ಕುಳ್ಳ ಪಾಮ್ ಕಮೇರಾಪ್ಸ್ ಹ್ಯೂಮಿಲಿಸ್ ಯೂರೋಪಿನ ನೆಲದಲ್ಲಿ ಸಹಜವಾಗಿ ಬೆಳೆದರೆ, ನ್ಯೂಜಿಲೆಂಡಿನ ನಿಕಾವು ಪಾಮ್ ಚಾಥಮ್ ದ್ವೀಪಗಳಲ್ಲಿ ಸುಮಾರು 44 ಡಿಗ್ರಿ ದಕ್ಷಿಣ ಅಕ್ಷಾಂಶದಲ್ಲಿ ನಿಂತಿದೆ, ಕೊಲಂಬಿಯದ ಮೇಣದ ಪಾಮ್ ಆಂಡೀಸ್ ಪರ್ವತದ ಮಂಜಿನ ನಡುವೆ 50 ಮೀಟರಿಗೂ ಎತ್ತರಕ್ಕೆ ಏರುತ್ತದೆ. ಹವ್ಯಾಸದ ಸಾಧ್ಯತೆಯೂ ಅದರ ಕಷ್ಟವೂ ಈ ಹರವಿನಲ್ಲಿಯೇ ಇವೆ. ಹೂದೋಟಗಳಲ್ಲಿ ಪಾಮ್ ಎಂದು ಮಾರಾಟವಾಗುವ ಸೈಕಾಸ್, ಬೀಸಣಿಗೆಯಂತೆ ಎಲೆ ಹರಡುವ ಟ್ರಾವೆಲರ್ಸ್ ಪಾಮ್ ಮತ್ತು ಸ್ಕಾಟ್ಲೆಂಡಿನ ತೀರದಲ್ಲಿ ಪ್ರವಾಸಿಗರು ಬೆರಗಿನಿಂದ ನೋಡುವ ಕಾರ್ಡಿಲೈನ್ ಗಿಡಗಳು ಈ ಕುಟುಂಬಕ್ಕೆ ಸೇರಿದವಲ್ಲ.

ಪಾಮ್ ಬೆಳೆಸುವ ಕಲೆ ಇತರ ಮರಗಳನ್ನು ಬೆಳೆಸುವ ಕಲೆಗಿಂತ ಬೇರೆಯಾಗಲು ಅದರ ದೇಹರಚನೆಯೇ ಕಾರಣ. ಮಾವು, ಹಲಸುಗಳಂಥ ಮರಗಳಲ್ಲಿ ತೊಗಟೆಯ ಒಳಗೆ ವರ್ಷವರ್ಷವೂ ಹೊಸ ಮರವನ್ನು ಕಟ್ಟುವ ಜೀವಕೋಶಗಳ ಪದರವೊಂದಿದ್ದು, ಅದರಿಂದ ಕಾಂಡ ದಪ್ಪವಾಗುತ್ತದೆ, ಗಾಯ ಮುಚ್ಚಿಕೊಳ್ಳುತ್ತದೆ, ಕೊಂಬೆ ಕಡಿದರೆ ಮತ್ತೊಂದು ಚಿಗುರುತ್ತದೆ. ಏಕದಳ ಸಸ್ಯವಾದ ಪಾಮ್‌ಗೆ ಈ ಪದರ ಇಲ್ಲ. ಅದರ ಬೆಳವಣಿಗೆಯೆಲ್ಲ ಕಾಂಡದ ತುದಿಯಲ್ಲಿ, ಎಳೆಗರಿಗಳ ಸುರುಳಿಯ ಒಳಗೆ ಅಡಗಿರುವ ಸುಳಿಯಿಂದಲೇ ಆಗಬೇಕು. ಒಂಟಿ ಕಾಂಡದ ಜಾತಿಗಳಲ್ಲಿ ಆ ಸುಳಿ ಸತ್ತರೆ ಮರವೂ ಸತ್ತಂತೆಯೇ. ಕಾಂಡದ ಮೇಲೆ ಆದ ಗಾಯ ಮರ ಬದುಕಿರುವವರೆಗೂ ಗಾಯವಾಗಿಯೇ ಉಳಿಯುತ್ತದೆ. ದಪ್ಪವಾಗುವ ಕೆಲಸವನ್ನು ಮೊದಲೇ ಮುಗಿಸಬೇಕಾದ್ದರಿಂದ ಎಳೆಯ ಪಾಮ್ ನೆಲಮಟ್ಟದಲ್ಲಿಯೇ ಗರಿಗಳನ್ನು ಹರಡುತ್ತ, ಕಾಂಡದ ಪೂರ್ಣ ಸುತ್ತಳತೆಯನ್ನು ಸಿದ್ಧಪಡಿಸಿಕೊಳ್ಳುತ್ತ ವರ್ಷಗಟ್ಟಲೆ ಕಳೆದು, ಆ ಬಳಿಕವಷ್ಟೇ ಮೇಲೇಳುತ್ತದೆ. ಚಳಿಯಿಂದ ಕಾಯುವುದು, ಬೇರೆಡೆ ನಾಟಿ ಮಾಡುವುದು, ಕೀಟ ತಡೆಯುವುದು ಎಂದು ಹವ್ಯಾಸಿಗಳು ಪಡುವ ಪಾಡೆಲ್ಲ ಕೊನೆಗೆ ಆ ಒಂದು ಸುಳಿಯನ್ನು ಉಳಿಸಿಕೊಳ್ಳುವ ಪಾಡೇ ಆಗಿದೆ.

ಈ ಮರಗಳ ಕುರಿತ ಪಾಶ್ಚಾತ್ಯ ಕುತೂಹಲದ ಮೊದಲ ದೊಡ್ಡ ದಾಖಲೆಗಳಲ್ಲಿ ಒಂದು ಭಾರತದ ಪಶ್ಚಿಮ ಕರಾವಳಿಯದೇ: ಡಚ್ಚರ ಮಲಬಾರಿನ ಆಡಳಿತಾಧಿಕಾರಿ ವಾನ್ ರೀಡ್ ಸಿದ್ಧಪಡಿಸಿದ ಹಾರ್ಟಸ್ ಮಲಬಾರಿಕಸ್ ಗ್ರಂಥಮಾಲೆಯ ಮೊದಲ ಸಂಪುಟ 1678ರಲ್ಲಿ ಪ್ರಕಟವಾದಾಗ ಅದು ಆರಂಭವಾದದ್ದು ತೆಂಗಿನ ವರ್ಣನೆಯಿಂದ. ಇಟಲಿಯ ಪಾದುವಾ ನಗರದ ಸಸ್ಯೋದ್ಯಾನದಲ್ಲಿ 1585ರಲ್ಲಿ ನೆಟ್ಟ ಕಮೇರಾಪ್ಸ್ ಇಂದಿಗೂ ಬದುಕಿದ್ದು, 1786ರಲ್ಲಿ ಅದನ್ನು ಕಂಡ ಜರ್ಮನ್ ಕವಿ ಗಯಟೆ ಸಸ್ಯಗಳ ರೂಪಾಂತರವನ್ನು ಕುರಿತ ತನ್ನ ವಿಚಾರಗಳಿಗೆ ಅದರ ಎಲೆಗಳಿಂದ ಆಧಾರ ಪಡೆದ. ಆದರೆ ಸಂಗ್ರಹ ಎಂಬುದು ಗೀಳಾಗಿ ಬೆಳೆದದ್ದು 19ನೆಯ ಶತಮಾನದಲ್ಲಿ. ಬ್ರೆಜಿಲ್‌ನಲ್ಲಿ ಸಂಚರಿಸಿ ಬಂದ ಸಸ್ಯವಿಜ್ಞಾನಿ ಮಾರ್ಷಿಯಸ್ ಪಾಮ್‌ಗಳ ಬಗೆಗಿನ ತನ್ನ ಬೃಹದ್ಗ್ರಂಥವನ್ನು 1823ರಿಂದ ಕಂತುಕಂತಾಗಿ ಹೊರತಂದ. ಲಂಡನ್ ಬಳಿಯ ಹ್ಯಾಕ್ನಿಯಲ್ಲಿ ಲೊಡಿಜಿಸ್ ಕುಟುಂಬದ ನರ್ಸರಿ ಹಬೆಯಿಂದ ಬೆಚ್ಚಗಿಟ್ಟ ಗಾಜಿನ ಮನೆಯಲ್ಲಿ, ಜರ್ಮನಿಯ ಹೆರೆನ್‌ಹೌಸನ್‌ನಲ್ಲಿ ವೆಂಡ್‌ಲಾಂಡ್ ಮನೆತನದ ತೋಟಗಾರರು ತಲೆಮಾರುಗಟ್ಟಲೆ ಪಾಮ್‌ಗಳನ್ನು ಕೂಡಿಸಿದರು. ಹಡಗಿನ ಉಪ್ಪುಗಾಳಿಗೆ ಗಿಡಗಳು ಸಾಯುತ್ತಿದ್ದ ತೊಡಕನ್ನು ವೈದ್ಯ ನಥಾನಿಯೆಲ್ ವಾರ್ಡ್ ರೂಪಿಸಿದ ಮುಚ್ಚಿದ ಗಾಜಿನ ಪೆಟ್ಟಿಗೆ 1830ರ ದಶಕದಿಂದ ನಿವಾರಿಸಿತು. 1844ರಿಂದ 1848ರ ನಡುವೆ ಕ್ಯೂ ಉದ್ಯಾನದಲ್ಲಿ ಕಬ್ಬಿಣ ಮತ್ತು ಗಾಜಿನ ಪಾಮ್ ಹೌಸ್ ಎದ್ದು ನಿಂತಿತು. ಆ ವೈಭವವನ್ನು ಸಾಮಾನ್ಯ ಮನೆಯ ಪಡಸಾಲೆಗೆ ತಂದದ್ದು ಆಸ್ಟ್ರೇಲಿಯದ ಲಾರ್ಡ್ ಹೋವ್ ದ್ವೀಪದ ಕೆಂಟಿಯಾ ಪಾಮ್. ಮಂದ ಬೆಳಕು, ತಣ್ಣನೆಯ ಕೋಣೆ, ಕಲ್ಲಿದ್ದಲ ಹೊಗೆ ಎಲ್ಲವನ್ನೂ ತಾಳಿಕೊಂಡ ಈ ಗಿಡದ ಬೀಜದ ವ್ಯಾಪಾರ ಆ ಪುಟ್ಟ ದ್ವೀಪದ ಜನರಿಗೆ ದಶಕಗಳ ಕಾಲ ಜೀವನಾಧಾರವಾಯಿತು.

ಇಪ್ಪತ್ತನೆಯ ಶತಮಾನದಲ್ಲಿ ಹವ್ಯಾಸದ ನಡುತಾಣ ಅಮೆರಿಕದ ಫ್ಲಾರಿಡಾಕ್ಕೆ ಸರಿಯಿತು. ವೃತ್ತಿಯಿಂದ ಲೆಕ್ಕಪರಿಶೋಧಕನಾಗಿದ್ದ ರಾಬರ್ಟ್ ಮಾಂಟ್‌ಗೋಮರಿ ಮಯಾಮಿಯ ಬಳಿ ಪಾಮ್‌ಗಳನ್ನು ಕೂಡಿಸುತ್ತ ಹೋಗಿ, ಸಸ್ಯಸಂಗ್ರಾಹಕ ಡೇವಿಡ್ ಫೇರ್‌ಚೈಲ್ಡ್‌ನ ಹೆಸರಿನಲ್ಲಿ 1938ರಲ್ಲಿ ತೆರೆದ ಸಸ್ಯೋದ್ಯಾನದ ಸ್ಥಾಪಕನಾದ. ಅವನ ಸ್ವಂತ ತೋಟವೂ 1959ರಲ್ಲಿ ಸಂಶೋಧನಾ ಕೇಂದ್ರವಾಯಿತು. 1956ರಲ್ಲಿ ಡೆಂಟ್ ಸ್ಮಿತ್ ಅದೇ ರಾಜ್ಯದಲ್ಲಿ ಕಟ್ಟಿದ ಪಾಮ್ ಸೊಸೈಟಿ ಮುಂದೆ ಅಂತರರಾಷ್ಟ್ರೀಯ ಸಂಸ್ಥೆಯಾಯಿತು. ಅದರ ತ್ರೈಮಾಸಿಕ ಪತ್ರಿಕೆ ಪ್ರಿನ್ಸಿಪೆಸ್ 1999ರಿಂದ ಪಾಮ್ಸ್ ಎಂಬ ಹೆಸರಿನಲ್ಲಿ ಬರುತ್ತಿದೆ. ಈ ಪತ್ರಿಕೆಯಲ್ಲಿ ವೃತ್ತಿಪರ ಸಸ್ಯವಿಜ್ಞಾನಿಯ ಹೊಸ ಪ್ರಭೇದದ ವಿವರಣೆಯೂ ಹಿತ್ತಲಿನ ಮರ ಯಾವ ಚಳಿಗೆ ಎಷ್ಟು ಸುಟ್ಟಿತು ಎಂಬ ಹವ್ಯಾಸಿಯ ಟಿಪ್ಪಣಿಯೂ ಅಕ್ಕಪಕ್ಕದಲ್ಲಿ ಅಚ್ಚಾಗುತ್ತ ಬಂದಿರುವುದು ಗಮನಾರ್ಹ. ಹವ್ಯಾಸಿಗಳ ಅನುಭವ ವಿಜ್ಞಾನಕ್ಕೆ ಇಷ್ಟು ನೇರವಾಗಿ ಒದಗಿರುವ ಸಸ್ಯಕುಟುಂಬಗಳು ಹೆಚ್ಚಿಲ್ಲ.

ಸಂಗ್ರಹ ಸಾಮಾನ್ಯವಾಗಿ ಬೀಜದಿಂದ ಶುರುವಾಗುತ್ತದೆ. ಹಿಂಡಾಗಿ ಬೆಳೆಯುವ ಜಾತಿಗಳಲ್ಲಿ ಬುಡದ ಮರಿಗಳನ್ನು ಬೇರ್ಪಡಿಸಬಹುದಾದರೂ, ಒಂಟಿ ಕಾಂಡದ ಪಾಮ್‌ನ ಟೊಂಗೆ ನೆಟ್ಟು ಬೆಳೆಸುವುದಾಗಲಿ ಕಸಿ ಕಟ್ಟುವುದಾಗಲಿ ಸಾಧ್ಯವಿಲ್ಲ. ಮಳೆಕಾಡಿನ ಹೆಚ್ಚಿನ ಪಾಮ್‌ಗಳ ಬೀಜ ಭತ್ತ ರಾಗಿಗಳಂತೆ ಒಣಗಿಸಿ ಇಡುವಂಥದ್ದಲ್ಲ. ಒಣಗಿದರೆ ಸಾಯುತ್ತದೆ, ತಂಪಿನಲ್ಲಿಟ್ಟರೂ ಸಾಯುತ್ತದೆ, ಆದ್ದರಿಂದ ತಿರುಳು ತೆಗೆದು ತೊಳೆದ ಬೀಜವನ್ನು ತೇವದ ನಾರಿನ ಪುಡಿಯಲ್ಲಿ ಹುದುಗಿಸಿ ಆದಷ್ಟು ಬೇಗ ತಲುಪಿಸಬೇಕಾಗುತ್ತದೆ. ಹವ್ಯಾಸಿಗಳಲ್ಲಿ ರೂಢಿಯಾಗಿರುವ ಮೊಳಕೆ ಕ್ರಮ ಅತ್ಯಂತ ಸರಳ: ಹಿಂಡಿದರೆ ನೀರು ತೊಟ್ಟಿಕ್ಕದಷ್ಟು ಮಾತ್ರ ಒದ್ದೆ ಮಾಡಿದ ತೆಂಗಿನ ನಾರಿನ ಪುಡಿಯೊಂದಿಗೆ ಬೀಜಗಳನ್ನು ಪಾರದರ್ಶಕ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಬಾಯಿ ಕಟ್ಟಿ, ಸುಮಾರು 30 ಡಿಗ್ರಿ ಸೆಲ್ಸಿಯಸ್ ಇರುವ ಜಾಗದಲ್ಲಿಟ್ಟು, ಆಗಾಗ ಬೆಳಕಿಗೆ ಹಿಡಿದು ನೋಡುತ್ತಿರುವುದು. ವಾಷಿಂಗ್ಟೋನಿಯದಂಥವು ಕೆಲವೇ ವಾರಗಳಲ್ಲಿ ಬೇರು ಬಿಟ್ಟರೆ, ಚಿಲಿ ದೇಶದ ಜೂಬಿಯದಂಥವು ವರ್ಷ ದಾಟಿದರೂ ಮಿಸುಕದೆ, ಸತ್ತವೆಂದು ಎಸೆಯುವ ಹೊತ್ತಿಗೆ ಮೊಳೆಯುವುದುಂಟು. ಮೊಳೆಯುವ ಬಗೆಯೂ ಒಂದೇ ಅಲ್ಲ. ಅಡಿಕೆ, ತೆಂಗುಗಳಲ್ಲಿ ಸಸಿ ಬೀಜಕ್ಕೆ ಅಂಟಿಕೊಂಡೇ ಏಳುತ್ತದೆ. ತಾಳೆಯಲ್ಲಾದರೋ ಬೀಜದಿಂದ ಹೊರಟ ಬೇರಿನಂಥ ದಂಡು ಮೊದಲು ನೆಲದ ಆಳಕ್ಕಿಳಿದು, ಅಲ್ಲಿಂದ ಸಸಿ ಮೇಲಕ್ಕೆ ಬರುತ್ತದೆ. ಇದನ್ನು ಅರಿಯದೆ ಆಳವಿಲ್ಲದ ಕುಂಡದಲ್ಲಿ ಬಿತ್ತಿದರೆ ದಂಡು ಕುಂಡದ ತಳಕ್ಕೆ ತಾಗಿ ಸುತ್ತಿಕೊಂಡು ಸಸಿ ಕೆಡುತ್ತದೆ. ಸಸ್ಯಲೋಕದಲ್ಲಿಯೇ ಅತಿ ದೊಡ್ಡ ಬೀಜವಿರುವ ಸೀಷೆಲ್ಸ್‌ನ ಜೋಡಿ ತೆಂಗಿನಲ್ಲಿ ಈ ದಂಡು ಕೆಲವು ಮೀಟರ್ ದೂರ ಸಾಗಬಲ್ಲದು.

ಬೇರೆ ಬೇರೆ ಹವಾಮಾನಗಳಲ್ಲಿ ಪಾಮ್ ಬೆಳೆಸುವವರ ಮೊದಲ ಪ್ರಶ್ನೆ ಚಳಿಯದು. ಅಮೆರಿಕದ ಕೃಷಿ ಇಲಾಖೆ ವರ್ಷದ ಕನಿಷ್ಠ ಉಷ್ಣತೆಯ ಸರಾಸರಿಯನ್ನು ಆಧರಿಸಿ ನೆಲವನ್ನು 13 ವಲಯಗಳಾಗಿ ವಿಂಗಡಿಸಿ ಮಾಡಿದ ನಕ್ಷೆ ಬಹುಬಳಕೆಯಲ್ಲಿದ್ದರೂ, ಪಾಮ್‌ಗಳ ವಿಷಯದಲ್ಲಿ ಅದು ಅರ್ಧ ಸತ್ಯವನ್ನಷ್ಟೇ ಹೇಳುತ್ತದೆ. ಒಂದು ರಾತ್ರಿಯ ಹಿಮವನ್ನು ತಡೆದ ಮರವೇ ವಾರಗಟ್ಟಲೆ ಬಿಡದ ಸಾಧಾರಣ ಚಳಿಗೆ ಸೋಲಬಹುದು. ಮರುಭೂಮಿಯ ಒಣ ಚಳಿಯಲ್ಲಿ ಗಟ್ಟಿಯಾಗಿ ನಿಲ್ಲುವ ಖರ್ಜೂರ ಅಷ್ಟೇ ಉಷ್ಣತೆಯ ಒದ್ದೆ ಚಳಿಯಲ್ಲಿ ಕೊಳೆಯುತ್ತದೆ. ತೆಂಗಿಗೆ ಹಿಮವೇ ಬೇಕಾಗಿಲ್ಲ. ದಕ್ಷಿಣ ಕ್ಯಾಲಿಫೋರ್ನಿಯದ ತೀರದಲ್ಲಿ ಹಿಮ ಬೀಳದಿದ್ದರೂ ಚಳಿಗಾಲದ ಮಳೆಯಿಂದ ಮಣ್ಣು ತಿಂಗಳುಗಟ್ಟಲೆ ತಣ್ಣಗೂ ಒದ್ದೆಯಾಗಿಯೂ ಇರುವುದರಿಂದ ಅಲ್ಲಿ ತೆಂಗನ್ನು ಉಳಿಸಿಕೊಳ್ಳಲು ಹೆಣಗಿದವರಲ್ಲಿ ಹೆಚ್ಚಿನವರು ಸೋತಿದ್ದಾರೆ. ಗರಿಗಳು ಸುಡುವ ಉಷ್ಣತೆಯೂ ಸುಳಿ ಸಾಯುವ ಉಷ್ಣತೆಯೂ ಬೇರೆಬೇರೆಯಾಗಿದ್ದು, ಅನುಭವಿಗಳು ಲೆಕ್ಕಕ್ಕೆ ಹಿಡಿಯುವುದು ಎರಡನೆಯದನ್ನು.

ಚಳಿನಾಡುಗಳ ಹವ್ಯಾಸದ ತಳಹದಿ ಟ್ರಾಕಿಕಾರ್ಪಸ್ ಫಾರ್ಚ್ಯೂನಿಯೈ ಎಂಬ ಚೀನಾ ಮೂಲದ ಪಾಮ್. ಕಾಂಡಕ್ಕೆ ಕಂದು ನಾರಿನ ದಪ್ಪ ಹೊದಿಕೆಯಿರುವ ಈ ಮರ ಮೈನಸ್ 15 ಡಿಗ್ರಿಯ ಆಸುಪಾಸಿನವರೆಗೆ ತಾಳಿಕೊಳ್ಳುತ್ತದೆ. 1840ರ ದಶಕದಲ್ಲಿ ಸಸ್ಯಸಂಗ್ರಾಹಕ ರಾಬರ್ಟ್ ಫಾರ್ಚ್ಯೂನ್ ಚೀನಾದಿಂದ ಕಳುಹಿಸಿದ ಗಿಡಗಳಿಂದ ಬ್ರಿಟನ್ನಿನಲ್ಲಿ ನೆಲೆಯೂರಿ, ಇಂದು ಸ್ವಿಟ್ಜರ್‌ಲೆಂಡಿನ ತೆಂಕಣ ಸರೋವರಗಳ ದಡದಿಂದ ಕೆನಡದ ವ್ಯಾಂಕೂವರ್‌ವರೆಗೆ ಬಯಲಿನಲ್ಲಿಯೇ ಬೆಳೆಯುತ್ತಿದೆ. ಇದಕ್ಕಿಂತ ಗಟ್ಟಿಯಾದದ್ದು ಆಗ್ನೇಯ ಅಮೆರಿಕದ ಸೂಜಿ ಪಾಮ್. ಆದರೆ ಕಾಂಡವೇ ಏಳದ, ಪೊದೆಯಂತಿರುವ ಅದಕ್ಕೆ ಸಂಗ್ರಾಹಕರ ಪ್ರೀತಿ ಸಿಕ್ಕಿದ್ದು ಕಡಿಮೆ. ಹಿಮದಲ್ಲಿ ನಿಂತ ಎತ್ತರದ ಪಾಮ್‌ನ ಚಿತ್ರವೇ ಈ ಹವ್ಯಾಸಿಗಳನ್ನು ಸೆಳೆಯುವುದು ಎಂಬುದನ್ನು ಒಪ್ಪಿಕೊಳ್ಳಬೇಕು. ಭಾರತದ ಕುಮಾವೂ ಬೆಟ್ಟಗಳಲ್ಲಿ ಹಿಮ ಬೀಳುವ ಎತ್ತರದಲ್ಲಿ ಬೆಳೆಯುವ ಟ್ರಾಕಿಕಾರ್ಪಸ್ ಟಕಿಲ್ ಈ ಕಾರಣದಿಂದಲೇ ಯೂರೋಪಿನ ಸಂಗ್ರಾಹಕರ ಕನಸಿನ ಗಿಡವಾಯಿತು. ಇಟಲಿಯ ಸಸ್ಯವಿಜ್ಞಾನಿ ಬೆಕ್ಕಾರಿ 1905ರಲ್ಲಿ ಹೆಸರಿಟ್ಟ ಈ ಮರದ ನಿಜವಾದ ನೆಲೆಯನ್ನು 1990ರ ದಶಕದಲ್ಲಿ ಮಾರ್ಟಿನ್ ಗಿಬನ್ಸ್ ಮತ್ತು ಟೋಬಿಯಾಸ್ ಸ್ಪ್ಯಾನರ್ ಮತ್ತೆ ಹುಡುಕಿ ತೆಗೆದರು. ಅಷ್ಟರೊಳಗೆ ಅದರ ಹೆಸರಿನಲ್ಲಿ ಮಾರಾಟವಾಗಿದ್ದ ಸಸಿಗಳಲ್ಲಿ ಅನೇಕವು ಬರಿಯ ಚೀನಾ ಜಾತಿಯವು. ಬೀಜದ ವ್ಯಾಪಾರದಲ್ಲಿ ತೊಡಗಿದ್ದ ಈ ಇಬ್ಬರು ಅದೇ ದಶಕದಲ್ಲಿ ಯುನ್ನಾನ್, ಥಾಯ್ಲೆಂಡ್ ಮತ್ತು ಕಾಲಿಂಪಾಂಗ್ ಪ್ರದೇಶಗಳಿಂದ ಇದೇ ಕುಲದ ಹೊಸ ಪ್ರಭೇದಗಳನ್ನು ವಿಜ್ಞಾನಕ್ಕೆ ಪರಿಚಯಿಸಿದರು.

ಚಳಿಗಾಲದ ರಕ್ಷಣೆಯಲ್ಲಿ ಗರಿಗಳನ್ನು ಮೇಲಕ್ಕೆತ್ತಿ ಹಗ್ಗದಿಂದ ಕಟ್ಟುವುದು, ಬುಡಕ್ಕೆ ಒಣ ಎಲೆ ಅಥವಾ ಹುಲ್ಲನ್ನು ದಪ್ಪನಾಗಿ ಹೊದಿಸುವುದು, ಗಾಳಿಯಾಡುವ ಬಟ್ಟೆ ಸುತ್ತಿ ಒಳಗೆ ಬಿಸಿಯಾಗುವ ತಂತಿಯನ್ನು ಹಾಯಿಸುವುದು ಇತ್ಯಾದಿ ಕ್ರಮಗಳಿವೆ. ಇವೆಲ್ಲಕ್ಕಿಂತ ಮುಖ್ಯವಾದದ್ದು ಸುಳಿಯೊಳಗೆ ನೀರು ನಿಲ್ಲದಂತೆ ನೋಡಿಕೊಳ್ಳುವುದು. ಅದಕ್ಕಾಗಿ ಮರದ ನೆತ್ತಿಯ ಮೇಲೆ ಪುಟ್ಟ ಚಾವಣಿ ಕಟ್ಟುವ ರೂಢಿಯಿದೆ. ಮಲೆನಾಡಿನ ಬೆಳೆಗಾರರು ಕೊಳೆರೋಗ ತಡೆಯಲು ಅಡಿಕೆ ಗೊನೆಗಳಿಗೆ ಕೊಟ್ಟೆ ಕಟ್ಟುತ್ತಿದ್ದುದರ ಹಿಂದಿನ ತಿಳಿವಳಿಕೆಯೂ ಇಂಥದೇ, ಮಳೆನೀರನ್ನು ದೂರವಿಟ್ಟರೆ ರೋಗವೂ ದೂರ ಎಂಬುದು. ಈ ಎಚ್ಚರ ತಪ್ಪಿದಲ್ಲಿ ಆಗುವುದನ್ನು ಚಳಿನಾಡಿನ ಪ್ರತಿ ಸಂಗ್ರಾಹಕನೂ ಒಮ್ಮೆಯಾದರೂ ಕಂಡಿರುತ್ತಾನೆ. ವಸಂತದಲ್ಲಿ ಹೊದಿಕೆ ಬಿಚ್ಚಿದಾಗ ಹೊರಗಿನ ಗರಿಗಳೆಲ್ಲ ಹಸಿರಾಗಿಯೇ ಇದ್ದು, ನಡುವಿನ ಬಿಚ್ಚದ ಎಳೆಗರಿಯನ್ನು ಎರಡು ಬೆರಳಿನಿಂದ ಮೆಲ್ಲಗೆ ಎಳೆದರೆ ಅದು ಬುಡದಿಂದ ಕಳಚಿ ಕೈಗೆ ಬರುತ್ತದೆ. ಅದರ ಕೆಳತುದಿ ಕಂದು ಲೋಳೆಯಾಗಿ ಕೊಳೆತ ನಾತ ಹೊಡೆಯುತ್ತಿರುತ್ತದೆ. ಆಗ ಕೊಳೆತ ಭಾಗವನ್ನು ತೆಗೆದು, ಸುಳಿಯ ಗುಳಿಯನ್ನು ಒಣಗಿಸಿ, ತಾಮ್ರದ ಶಿಲೀಂಧ್ರನಾಶಕವನ್ನು ಹಾಕಿ, ಬಿಸಿಲಿಗೆ ಕಾಯಬೇಕು. ಬೆಳವಣಿಗೆಯ ಬಿಂದು ಇನ್ನೂ ಕೆಳಗೆ ಉಳಿದಿದ್ದರೆ ಕೆಲವು ತಿಂಗಳ ಬಳಿಕ ಮುರುಟಿದ, ತುದಿ ಕತ್ತರಿಸಿದಂಥ ಗರಿಯೊಂದು ಮೇಲೆ ಬರುತ್ತದೆ. ಅಂಥ ವಿಕಾರವಾದ ಗರಿಯೇ ಮರ ಬದುಕಿದ ಗುರುತು.

ಸೆಕೆಯೂ ಶತ್ರುವಾಗಬಲ್ಲದು ಎಂಬುದು ಭಾರತೀಯ ಓದುಗರಿಗೆ ಅಚ್ಚರಿಯೆನಿಸಬಹುದು. ಆಂಡೀಸ್‌ನ ಸೆರಾಕ್ಸಿಲಾನ್ ಮೊದಲಾದ ಪರ್ವತ ಪಾಮ್‌ಗಳಿಗೆ ಹಗಲು ಬೆಚ್ಚಗಿದ್ದರೂ ರಾತ್ರಿ ತಂಪಾಗಲೇಬೇಕು. ಮಯಾಮಿಯ ಸೆಕೆ ರಾತ್ರಿಗಳಲ್ಲಿ ಸೊರಗುವ ಇವು ಸ್ಯಾನ್ ಫ್ರಾನ್ಸಿಸ್ಕೋದ ಮಂಜಿನಲ್ಲಿಯೂ ನ್ಯೂಜಿಲೆಂಡಿನ ಉತ್ತರದಲ್ಲಿಯೂ ಸೊಗಸಾಗಿ ಬೆಳೆಯುತ್ತವೆ. ಇದಕ್ಕೆ ವಿರುದ್ಧವಾಗಿ ಮಯಾಮಿಯ ಸಂಗ್ರಾಹಕನಿಗೆ ಮಳೆಕಾಡಿನ ಬಯಲು ಜಾತಿಗಳು ಸುಲಭವಾಗಿ ಒಗ್ಗುತ್ತವೆ, ಆದರೆ ಅವನ ಕಾಲಡಿಯ ಸುಣ್ಣಕಲ್ಲಿನ ನೆಲದಲ್ಲಿ ಮ್ಯಾಂಗನೀಸ್ ಗಿಡಕ್ಕೆ ಸಿಗದೆ ಹೊಸ ಗರಿಗಳು ಸುಟ್ಟಂತೆ ಮುದುಡುತ್ತವೆ, ಪೊಟ್ಯಾಷ್ ಕೊರತೆಯಿಂದ ಹಳೆಯ ಗರಿಗಳು ಹಳದಿಗಟ್ಟುತ್ತವೆ. ಹೀಗೆ ಹಳದಿಯಾದ ಗರಿಗಳನ್ನು ಅಂದಕ್ಕಾಗಿ ಕತ್ತರಿಸುವುದು ಸಾಮಾನ್ಯವಾದ ತಪ್ಪು. ಮರ ಆ ಗರಿಗಳಲ್ಲಿನ ಪೊಟ್ಯಾಷನ್ನು ಹೊಸ ಗರಿಗಳಿಗೆ ಸಾಗಿಸುತ್ತಿರುವುದರಿಂದ, ಕತ್ತರಿಸಿದಷ್ಟೂ ಕೊರತೆ ಮೇಲಿನ ಗರಿಗಳಿಗೆ ಏರುತ್ತದೆ. ಒಣನಾಡಿನಲ್ಲಿ ಕ್ಯಾನರಿ ದ್ವೀಪದ ಸಾಂತಾ ಕ್ರೂಸ್ ನಗರ ಹೂಡಿದ ಪ್ರಯೋಗ ಉಲ್ಲೇಖಾರ್ಹ: ಮುಚ್ಚಿಹೋದ ಕಸದ ಗುಡ್ಡವೊಂದರ ಮೇಲೆ 12 ಹೆಕ್ಟೇರಿನಲ್ಲಿ, ನೀರಾವರಿಯ ನೆರವಿನಿಂದ ರೂಪಿಸಿ 2014ರಲ್ಲಿ ತೆರೆದ ಪಾಮೆಟಮ್, ಅಂದರೆ ಪಾಮ್‌ಗಳಿಗೆ ಮೀಸಲಾದ ಸಸ್ಯೋದ್ಯಾನ, ಇಂದು ಯೂರೋಪಿಯನ್ ಆಡಳಿತದ ನೆಲದಲ್ಲಿನ ಬಹು ದೊಡ್ಡ ಪಾಮ್ ಸಂಗ್ರಹಗಳಲ್ಲಿ ಒಂದು.

ಕರ್ನಾಟಕದ ಸ್ಥಿತಿ ಅನುಕೂಲದ್ದೇ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಚಳಿಗಾಲದ ರಾತ್ರಿಯೂ ಸಾಮಾನ್ಯವಾಗಿ 15 ಡಿಗ್ರಿಯ ಸುತ್ತ ನಿಲ್ಲುವುದರಿಂದ ಕ್ಯೂಬಾದ ರಾಯಲ್ ಪಾಮ್, ಮಡಗಾಸ್ಕರಿನ ಬೆಳ್ಳಿಗರಿಯ ಬಿಸ್ಮಾರ್ಕಿಯ, ಚೀನಾದ ಲಿವಿಸ್ಟೋನ ಎಲ್ಲವೂ ಒಂದೇ ಬೀದಿಯಲ್ಲಿ ಕಾಣಸಿಗುತ್ತವೆ. ಕರಾವಳಿ ಮತ್ತು ಮಲೆನಾಡುಗಳಲ್ಲಿ ತೊಡಕು ಚಳಿಯದಲ್ಲ, ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಎಡೆಬಿಡದ ಮಳೆಯದು. ಸುಳಿ ಕೊಳೆಯನ್ನು ತಡೆಯಲು ಮಳೆಗೆ ಮುನ್ನ ಬೋರ್ಡೋ ದ್ರಾವಣ ಸಿಂಪಡಿಸುವುದು ಇಲ್ಲಿ ಹವ್ಯಾಸಿಗೂ ಅನಿವಾರ್ಯ. ವಿದೇಶಿ ಸಂಗ್ರಾಹಕರು ಬೀಜಕ್ಕಾಗಿ ಹಾತೊರೆಯುವ ಕೆಲವು ಮರಗಳು ಇಲ್ಲಿನ ಕಾಡುಮೇಡಿನವೇ ಆಗಿದ್ದು, ಅವುಗಳಲ್ಲಿ ಒಂದು ಕಾಲದಲ್ಲಿ ಓಲೆಗರಿಗಳನ್ನು ಒದಗಿಸಿದ ಶ್ರೀತಾಳೆ ಎದ್ದು ಕಾಣುವಂಥದು. ಮೂವತ್ತರಿಂದ ಎಂಬತ್ತು ವರ್ಷ ಬೆಳೆದು, ಸಸ್ಯಲೋಕದಲ್ಲಿಯೇ ಅತಿ ದೊಡ್ಡದಾದ ಕವಲೊಡೆದ ಹೂಗೊಂಚಲನ್ನು ಒಂದೇ ಸಲ ನೆತ್ತಿಯ ಮೇಲೆ ಹೊತ್ತು, ಕಾಯಿ ಬಲಿತೊಡನೆ ಸಾಯುವ ಈ ಮರವನ್ನು ಇಳಿವಯಸ್ಸಿನಲ್ಲಿ ನೆಡುವವರು ಅದರ ಹೂವನ್ನು ಕಾಣುವ ಆಸೆಯಿಟ್ಟುಕೊಳ್ಳುವಂತಿಲ್ಲ. ಬಗನಿಯದು ಇನ್ನೊಂದು ಬಗೆ. ಅದರ ಹೂಗೊಂಚಲು ನೆತ್ತಿಯಿಂದ ತೊಡಗಿ ಕೆಳಕೆಳಗಿನ ಗೆಣ್ಣುಗಳಲ್ಲಿ ಮೂಡುತ್ತ ಬಂದು, ಕೊನೆಯದು ಬರಿದಾದಾಗ ಕಾಂಡ ಒಣಗುತ್ತದೆ. ಕುಂಡದಲ್ಲಿ ಬೆಳೆಸುವವರಿಗೆ ನೆರಳು ತಾಳುವ ರೇಪಿಸ್, ಮೆಕ್ಸಿಕೋದ ಕಮಿಡೋರಿಯ ಮತ್ತು ಎಲ್ಲೆಡೆ ಅರೆಕಾ ಪಾಮ್ ಎಂದು ಮಾರಾಟವಾಗುವ ಮಡಗಾಸ್ಕರಿನ ಗಿಡ ಸಾಕಷ್ಟಾಯಿತು. ಜಪಾನಿನಲ್ಲಿ ರೇಪಿಸ್ ಒಂದೇ ಸಂಗ್ರಹಕ್ಕೆ ವಸ್ತುವಾಗಿದ್ದು, ಬಿಳಿ ಗೆರೆಯ ಎಲೆಗಳ ತಳಿಗಳಿಗೆ ಒಂದೊಂದು ಹೆಸರಿಟ್ಟು ಕುಂಡಗಳಲ್ಲಿ ತಲೆಮಾರುಗಳಿಂದ ಕಾಪಾಡಿಕೊಂಡು ಬರಲಾಗಿದೆ.

ಬೆಳೆದ ಪಾಮನ್ನು ಕಿತ್ತು ಬೇರೆಡೆ ನೆಡಬಹುದು ಎಂಬುದು ಈ ಹವ್ಯಾಸದ ಒಂದು ಸೌಲಭ್ಯ. ತೆಂಗಿನ ಬೇರನ್ನು ಎಷ್ಟು ಗಿಡ್ಡವಾಗಿ ಕತ್ತರಿಸಿದರೂ ಸುಮಾರು ಅರ್ಧದಷ್ಟು ಬೇರುಗಳು ತುದಿಯಿಂದ ಮತ್ತೆ ಕವಲೊಡೆಯುತ್ತವೆ. ಫ್ಲಾರಿಡಾದ ಸೇಬಲ್ ಪಾಮ್‌ನಲ್ಲಾದರೋ ಕತ್ತರಿಸಿದ ಬೇರುಗಳೆಲ್ಲ ಸತ್ತು, ಕಾಂಡದ ಬುಡದಿಂದ ಹೊಸ ಬೇರುಗಳೇ ಬರಬೇಕಾದ್ದರಿಂದ, ಅಲ್ಲಿಯವರೆಗೆ ನೀರಿನ ನಷ್ಟ ತಪ್ಪಿಸಲು ಗರಿಗಳನ್ನೆಲ್ಲ ಬೋಳಿಸಿ ನೆಡುತ್ತಾರೆ. ಇದೇ ಸೌಲಭ್ಯ ಅನಾಹುತಕ್ಕೂ ದಾರಿಯಾಯಿತು. ದಕ್ಷಿಣ ಏಷ್ಯದ ತೆಂಗಿನ ತೋಟಗಳಲ್ಲಿ ಹಿಂದಿನಿಂದಲೂ ಇದ್ದ ಕೆಂಪು ಮೂತಿ ಹುಳು 1980ರ ದಶಕದಲ್ಲಿ ಕೊಲ್ಲಿ ರಾಷ್ಟ್ರಗಳಿಗೂ 1990ರ ದಶಕದಲ್ಲಿ, ಅಲಂಕಾರಕ್ಕೆಂದು ಸಾಗಿಸಿದ ದೊಡ್ಡ ಮರಗಳೊಂದಿಗೆ, ಸ್ಪೇನಿಗೂ ತಲುಪಿತು. ಮರಿಹುಳುಗಳು ಕಾಂಡದ ಒಳಗಿನಿಂದಲೇ ಕೊರೆದು ಸುಳಿಯನ್ನು ತಿನ್ನುವುದರಿಂದ, ಮರದ ನೆತ್ತಿ ಒಂದು ದಿನ ಕೊಡೆಯಂತೆ ಕುಸಿಯುವವರೆಗೆ ಹಾನಿ ಹೊರಗೆ ಗೊತ್ತಾಗುವುದಿಲ್ಲ. ರಿವಿಯೆರಾ ತೀರದ ಬೀದಿಗಳಿಗೆ 19ನೆಯ ಶತಮಾನದಿಂದ ಶೋಭೆಯಾಗಿದ್ದ ಕ್ಯಾನರಿ ಖರ್ಜೂರದ ಸಾಲುಗಳು ಹೀಗೆ ಬರಿದಾದವು. ಹಸಿ ಗಾಯದ ವಾಸನೆಗೆ ಈ ಕೀಟ ಬರುವುದರಿಂದ ಗರಿ ಕತ್ತರಿಸುವ ಕೆಲಸವನ್ನು ಅಲ್ಲಿ ಚಳಿಗಾಲಕ್ಕೆ ಮೀಸಲಿಡಲಾಗಿದೆ. ಭಾರತಕ್ಕೆ ಬೀಜ ಅಥವಾ ಸಸಿ ತರಿಸುವವರು 2003ರ ಸಸ್ಯ ಕ್ವಾರಂಟೈನ್ ಆದೇಶದಂತೆ ಆಮದು ಪರವಾನಗಿಯನ್ನೂ ಸಸ್ಯ ಆರೋಗ್ಯ ಪ್ರಮಾಣಪತ್ರವನ್ನೂ ಹೊಂದಿರಬೇಕೆಂಬ ನಿಯಮವನ್ನು ಕಿರಿಕಿರಿ ಎಂದು ದೂರುವವರು ಈ ಇತಿಹಾಸವನ್ನು ನೆನಪಿಡಬೇಕು.

ಸಂಗ್ರಹದ ಹಂಬಲ ಕಾಡಿಗೆ ಭಾರವಾಗುವುದೂ ಉಂಟು. ಸುಮಾರು 200 ಸ್ಥಳೀಯ ಪ್ರಭೇದಗಳಿರುವ ಮಡಗಾಸ್ಕರಿನ ಪಾಮ್‌ಗಳಲ್ಲಿ ಐದರಲ್ಲಿ ನಾಲ್ಕಕ್ಕೂ ಹೆಚ್ಚು ಪಾಲು ಅಳಿವಿನ ಅಪಾಯದಲ್ಲಿವೆಯೆಂದು 2012ರ ಅಂತರರಾಷ್ಟ್ರೀಯ ಮೌಲ್ಯಮಾಪನ ಹೇಳಿದೆ. ಕಾಡು ಕಡಿದು ಬೇಸಾಯ ಮಾಡುವುದು ಇದಕ್ಕೆ ಮುಖ್ಯ ಕಾರಣವಾದರೂ, ಬೀಜಕ್ಕಾಗಿ ಮರವನ್ನೇ ಉರುಳಿಸಿದ ಉದಾಹರಣೆಗಳಿವೆ. ಅದೇ ದ್ವೀಪದಲ್ಲಿ ಇದಕ್ಕೆ ಬದಲಿ ದಾರಿಯೂ ತೆರೆಯಿತು. ವಾಯವ್ಯ ಭಾಗದಲ್ಲಿ ಪತ್ತೆಯಾಗಿ 2008ರಲ್ಲಿ ವಿವರಿಸಲಾದ ತಾಹಿನಾ ಸ್ಪೆಕ್ಟಾಬಿಲಿಸ್ ಎಂಬ, ಒಮ್ಮೆ ಹೂಬಿಟ್ಟು ಸಾಯುವ ದೈತ್ಯ ಪಾಮ್‌ನ ಮರಗಳು ಆಗ ನೂರರೊಳಗೆ ಇದ್ದವು. ಕ್ಯೂ ಉದ್ಯಾನದ ಮೂಲಕ ಅದರ ಬೀಜಗಳನ್ನು ಕ್ರಮಬದ್ಧವಾಗಿ ಜಗತ್ತಿನ ಸಂಗ್ರಾಹಕರಿಗೆ ಮಾರಿ, ಹಣವನ್ನು ಮರಗಳನ್ನು ಕಾಯುವ ಹಳ್ಳಿಗೆ ತಲುಪಿಸುವ ಏರ್ಪಾಡಾಯಿತು. ಮಾರಿಷಸ್‌ನ ಕ್ಯೂರ್‌ಪೈಪ್ ಉದ್ಯಾನದಲ್ಲಿ ಒಂದೇ ಒಂದು ಮರವಾಗಿ ಉಳಿದಿರುವ ಹಯೋಫಾರ್ಬ್ ಅಮಾರಿಕಾಲಿಸ್‌ಗೆ ಆ ಭಾಗ್ಯ ಬರಲಿಲ್ಲ. ಅದರ ಗಂಡು ಹೂ ಮತ್ತು ಹೆಣ್ಣು ಹೂಗಳು ಬೇರೆಬೇರೆ ಹೊತ್ತಿಗೆ ಅರಳುವುದರಿಂದ ತನ್ನಷ್ಟಕ್ಕೆ ಸಸಿ ಹುಟ್ಟುವುದೂ ಕಷ್ಟ.

ಬೀಜವನ್ನು ಒಣಗಿಸಿ ಇಡಲಾಗದ ಸಸ್ಯಗಳಿಗೆ ಜೀವಂತ ಮರಗಳ ತೋಟವೇ ಬೀಜಬ್ಯಾಂಕು. ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ದಕ್ಷಿಣ ಕನ್ನಡದ ಕಿದುವಿನಲ್ಲಿ ದಕ್ಷಿಣ ಏಷ್ಯದ ಅಂತರರಾಷ್ಟ್ರೀಯ ತೆಂಗು ತಳಿ ಸಂಗ್ರಹವನ್ನೂ ವಿಟ್ಲದಲ್ಲಿ ಅಡಿಕೆಯ ತಳಿಗಳನ್ನೂ ಹೀಗೆಯೇ ನೆಟ್ಟು ಕಾಯುತ್ತಿದೆ. ಖಾಸಗಿ ತೋಟಗಳ ಪಾಮ್‌ಗಳು ಈ ಕೆಲಸಕ್ಕೆ ಎಷ್ಟರಮಟ್ಟಿಗೆ ಒದಗುತ್ತವೆ ಎಂಬುದು ಗಿಡದ ಅಪರೂಪಕ್ಕಿಂತ ಹೆಚ್ಚಾಗಿ ಅದರ ಜೊತೆಗಿನ ಬರಹವನ್ನು ಅವಲಂಬಿಸಿದೆ. ಈಚಲು, ಖರ್ಜೂರಗಳ ಫೀನಿಕ್ಸ್ ಕುಲದಲ್ಲಿ ಅಕ್ಕಪಕ್ಕ ಬೆಳೆಸಿದ ಪ್ರಭೇದಗಳು ಸುಲಭವಾಗಿ ಬೆರೆಯುತ್ತವೆ, ಬ್ಯೂಟಿಯ ಮತ್ತು ಜೂಬಿಯಗಳಂತೂ ಬೇರೆ ಕುಲಗಳಾಗಿದ್ದೂ ಕೂಡಿ ಮಿಶ್ರ ಸಂತತಿ ಕೊಡುತ್ತವೆ, ಹೀಗಾಗಿ ತೋಟದಲ್ಲಿ ಬಿದ್ದ ಬೀಜದ ಕುಲಗೋತ್ರ ತಂದೆಯ ಕಡೆಯಿಂದ ಸಂಶಯಾಸ್ಪದ. ಬೀಜ ಯಾವ ಕಾಡಿನ ಯಾವ ಎತ್ತರದಿಂದ, ಯಾವ ವರ್ಷ, ಎಷ್ಟು ಮರಗಳಿಂದ ಬಂದದ್ದೆಂದು ಬರೆದಿಟ್ಟ ತೋಟಗಳ ಗಿಡಗಳನ್ನು ಸಸ್ಯೋದ್ಯಾನಗಳು ಕೇಳಿ ಪಡೆಯುತ್ತವೆ. ಹೆಸರಿನ ಪಟ್ಟಿಯೂ ಇಲ್ಲದ ಗಿಡ ಎಷ್ಟೇ ಅಪೂರ್ವವಾದರೂ ಸಂರಕ್ಷಣೆಯ ಲೆಕ್ಕಕ್ಕೆ ಬರುವುದಿಲ್ಲ.